ಕುರ್ಚಿಯ ಕೆಳಗಿನ ಕಮಾನು

ಪದವಿಯಿಲ್ಲದವನು ಕಟ್ಟಿದ ಕಮಾನು ಬಿದ್ದೇ ಬೀಳುತ್ತದೆ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಪೇನಿನ ಕ್ಯಾಟಲೋನಿಯಾದ ಪದವೀಧರರೆಲ್ಲ ನಂಬಿದ್ದರು. ಮೇಸ್ತ್ರಿ ಫೆರಿಯೋಲ್‌ಗೆ ಪದವಿ ಇರಲಿಲ್ಲ. ತೆಳು ಇಟ್ಟಿಗೆಗಳನ್ನು ಪದರ ಪದರವಾಗಿ ಅಂಟಿಸಿ ಗಿರಣಿಯೊಂದಕ್ಕೆ ಕಮಾನು ಕಟ್ಟಿದ್ದ. ಅದನ್ನು ಪರೀಕ್ಷಿಸಲು ಸರ್ಕಾರಿ ವಾಸ್ತುಶಿಲ್ಪಿ ಎವಾರಿಸ್ಟ್ ಆರು ಪದವೀಧರ ಸಹಾಯಕರೊಂದಿಗೆ ಬಂದ.

“ಇದು ಕಮಾನಲ್ಲಯ್ಯ, ಹಪ್ಪಳ. ಒಡೆಸುತ್ತೇನೆ. ನಿನ್ನ ಪರವಾನಗಿಯೂ ಇವತ್ತಿಗೆ ಮುಗಿಯಿತು.”

“ಆಗಲಿ ಸ್ವಾಮಿ. ಮಹಡಿಯಲ್ಲಿ ಮೇಜು ಹಾಕಿಸಿದ್ದೇನೆ, ಆದೇಶ ಬರೆದುಕೊಡಿ.”

ಎವಾರಿಸ್ಟ್ ಮೇಲೆ ಹೋಗಿ ಕೂತ. ಸಹಾಯಕರು ಸುತ್ತ ನಿಂತರು. ಈ ಕಮಾನು ಒಬ್ಬ ಮನುಷ್ಯನ ಭಾರವನ್ನೂ ತಾಳದು ಎಂದು ಮೂರು ಪುಟ ಬರೆದ.

“ಸಹಿಗೆ ಮುಂಚೆ ಒಂದು ಮಾತು ಸ್ವಾಮಿ,” ಎಂದ ಫೆರಿಯೋಲ್. “ಆ ಕಮಾನು ತಮ್ಮ ಕುರ್ಚಿಯ ಕೆಳಗೇ ಇದೆ.”

ಸಹಾಯಕರು ಗೋಡೆಗೆ ಅಂಟಿಕೊಂಡರು. ಎವಾರಿಸ್ಟ್ ಏಳಲಿಲ್ಲ; ಎದ್ದರೆ ಆ ಹಪ್ಪಳದ ಮೇಲೆ ಕಾಲೂರಬೇಕಿತ್ತು.

ಕಮಾನು ಮಾತ್ರ ಏಳು ಪದವೀಧರರನ್ನು ಹೊತ್ತುಕೊಂಡೇ ಇತ್ತು.