ಗುಲಗಂಜಿ ಯಾರ ಕೈಯಲ್ಲಿ

ಎಲ್ಲರ ಒಳಗೂ ಕೂತು, ಯಾರ ಗುಟ್ಟನ್ನೂ ಯಾರಿಗೂ ಹೇಳದ ಶಿವನಿಗೆ ಶರಣು.

ಗುರುಪಾದಯ್ಯನವರಿಗೆ ಈಗ ತುಂಬಾ ವಯಸ್ಸು. ಹುಣ್ಣಿಮೆ ಸಂಜೆ ಬಂದರೆ ಸಾಕು, ಹೊಳೆದಂಡೆಯ ಮಠದ ಅಂಗಳ ಕಣ್ಣ ಮುಂದೆ ನಿಲ್ಲುತ್ತದೆ. ಸಾರಿಸಿದ ನೆಲ, ಸುತ್ತ ಕೂತ ಶಿಷ್ಯರು, ನಡುವೆ ಎಲ್ಲರೂ 'ಬುದ್ಧಿ' ಎಂದು ಕರೆಯುತ್ತಿದ್ದ ಗುರುಗಳು.

ಹುಣ್ಣಿಮೆಯಂದು ಪಾಠವಿಲ್ಲ, ನರಿಯಾಟ.

ಬುದ್ಧಿಯವರು ಚೀಲ ಹಿಡಿಯುವರು. ಒಬ್ಬೊಬ್ಬರೂ ಕೈ ಹಾಕಿ ಒಂದು ಕಾಳು ತೆಗೆದು ಮುಷ್ಟಿ ಮುಚ್ಚಬೇಕು. ಎಲ್ಲರಿಗೂ ಅವರೆಕಾಳು, ಒಬ್ಬನಿಗೆ ಗುಲಗಂಜಿ. ಅವನೇ ನರಿ. ಮಾತಾಡಿಸಿ, ಕೆಣಕಿ, ನರಿ ಎಂದು ತೋರಿದವನ ಮುಂದೆ ಕಲ್ಲಿಡಬೇಕು. ಹೆಚ್ಚು ಕಲ್ಲು ಬಿದ್ದವನು ಎದ್ದು ಹೋಗಿ, ಮಂಗಳಾರತಿಯವರೆಗೆ ಹೊಳೆಯ ಮೆಟ್ಟಿಲ ಮೇಲೆ ಒಬ್ಬನೇ ಕೂರಬೇಕು.

ನರಿ ಹಿಡಿಯುವುದರಲ್ಲಿ ಆಗ ಹುಡುಗನಾಗಿದ್ದ ಗುರುಪಾದ ಗಟ್ಟಿಗ.

ಒಂದು ಹುಣ್ಣಿಮೆಯಂದೂ ಹಾಗೆಯೇ ಎಲ್ಲರೂ ಅವನತ್ತ ನೋಡಿದರು.

"ತೋಟಪ್ಪನೇ ನರಿ," ಎಂದ ಗುರುಪಾದ.

"ನಿನ್ನ ಜೀವದ ಗೆಳೆಯನನ್ನೇ ಹಿಡಿದೆಯಲ್ಲೋ," ಎಂದ ಜೊತೆಯ ಶಿಷ್ಯ ನಿರ್ವಾಣಿ. "ಹೇಗೆ ಹೇಳ್ತೀಯ?"

"ಹೆದರಿದಾಗ ಅವನು ಕೊರಳಿನ ಶಿವದಾರ ಹಿಡ್ಕೋತಾನೆ. ಅವನ ತಾಯಿ ಸಾಯೋ ಮುಂಚೆ ಕಟ್ಟಿದ್ದು ಅದು. ಅವನೇ ನನಗೆ ಹೇಳಿದಾನೆ. ನೋಡಿ, ಈಗಲೂ ಹಿಡ್ಕೊಂಡಿದಾನೆ."

ಎಲ್ಲರೂ ನಕ್ಕರು. ತೋಟಪ್ಪ ದಾರ ಬಿಟ್ಟ. ಕಲ್ಲುಗಳೆಲ್ಲ ಅವನ ಮುಂದೆ ಬಿದ್ದವು.

ಮುಷ್ಟಿ ಬಿಚ್ಚಿದರೆ ಗುಲಗಂಜಿ.

ಮರುದಿನ ಹೊಳೆಗೆ ಹೋದಾಗ ತೋಟಪ್ಪ ಗುರುಪಾದನಿಗೆ ದಾರಿ ಬಿಟ್ಟು ನಿಂತ. "ಮೊದಲು ನೀವು ಮುಳುಗಿ ಬನ್ನಿ," ಎಂದ.

"ಇದೇನೋ, ನೀವು?"

"ದೊಡ್ಡವರಲ್ಲವೇ," ಎಂದು ಬೇರೆ ಕಡೆ ನೋಡಿದ. ರಾತ್ರಿ ಚಾಪೆಯನ್ನೂ ಆಚೆ ಮೂಲೆಗೆ ಹಾಸಿಕೊಂಡ.

ದಿನಗಳು ಹೋದವು. ಆ 'ನೀವು' ಹೋಗಲಿಲ್ಲ. ಅನ್ನ ಸೇರದೆ ಗುರುಪಾದ ಗುರುಗಳ ಬಳಿ ಬಂದ.

"ಬುದ್ಧಿ, ನಾನು ಹೇಳಿದ್ದು ಸುಳ್ಳೇ?"

"ಅಲ್ಲ."

"ನರಿ ಹಿಡೀಬೇಕು ಅನ್ನೋದೇ ಆಟವಲ್ಲವೇ?"

"ಹೌದಪ್ಪ."

"ಮತ್ತೆ ಅವನು ಯಾಕೆ ಹೀಗೆ?"

ಬುದ್ಧಿಯವರು ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಾ, "ಹುಣ್ಣಿಮೆ ಬರಲಿ," ಎಂದರು.

ಹುಣ್ಣಿಮೆ ಬಂತು. ಗುರುಪಾದ ಚೀಲಕ್ಕೆ ಕೈ ಹಾಕಿದ. ಶಿವನ ಚಿತ್ತ, ಗುಲಗಂಜಿ ಅವನ ಕೈಗೇ ಬಂತು.

ಅವನು ಮುಖ ಬಿಗಿದು ಕೂತ. ಆದರೆ ಬಚ್ಚಿಡುವುದೇನಾದರೂ ಇದ್ದರೆ ಅವನ ಕಾಲ ಹೆಬ್ಬೆರಳು ತಾನಾಗಿ ನೆಲ ಕೆರೆಯುತ್ತಿತ್ತು. ಅದು ತೋಟಪ್ಪನಿಗೊಬ್ಬನಿಗೇ ಗೊತ್ತು.

ತೋಟಪ್ಪ ಆ ಹೆಬ್ಬೆರಳು ನೋಡಿದ. ಆಮೇಲೆ ಅವನ ಮುಖ ನೋಡಿದ.

"ನೀನು ಹೇಳೋ ತೋಟಪ್ಪ," ಎಂದ ನಿರ್ವಾಣಿ. "ಗುರುಪಾದನ ಒಳಗು ನಿನಗೆ ಗೊತ್ತಲ್ಲ. ಅವನೇನಾ?"

"ನಾನೇನೂ ಹೇಳಲ್ಲ."

"ಹೇಳಲ್ಲ ಅಂದರೆ ನೀನೇ ನರಿ. ಈ ಸಲವೂ ಮೆಟ್ಟಿಲೇ ಗತಿ ನಿನಗೆ."

"ಆಗಲಿ."

ಕಲ್ಲುಗಳು ತೋಟಪ್ಪನ ಮುಂದೆ ಬಿದ್ದವು. ಅವನು ಕೈಯಲ್ಲಿದ್ದ ಅವರೆಕಾಳನ್ನು ನೆಲದ ಮೇಲಿಟ್ಟು, ಪಂಚೆ ಕೊಡವಿಕೊಂಡು ಹೊಳೆಯ ಕಡೆ ನಡೆದ.

ನರಿ ಸಿಕ್ಕಿಬೀಳಲಿಲ್ಲ; ಗೆದ್ದವನು ಗುರುಪಾದ. ಅವನ ಮುಷ್ಟಿ ಬಿಚ್ಚಿಕೊಳ್ಳಲೇ ಇಲ್ಲ. ಕಣ್ಣು ತುಂಬಿ ಬಂತು.

"ಬುದ್ಧಿ, ಅವನಿಗೆ ಗೊತ್ತಿತ್ತು."

"ಗೊತ್ತಿತ್ತು."

"ಈಗ ನಾನೇನು ಮಾಡಲಿ?"

ಬುದ್ಧಿಯವರು ಅವನ ಮುಷ್ಟಿಯಿಂದ ಮೆಲ್ಲಗೆ ಗುಲಗಂಜಿ ತೆಗೆದುಕೊಂಡು ಚೀಲಕ್ಕೆ ಹಾಕಿದರು.

"ಮೆಟ್ಟಿಲು ಅಗಲವಾಗಿದೆ ಮಗಾ. ಇಬ್ಬರು ಕೂರಬಹುದು."

ಕಿವಿಗೊಟ್ಟು ಕೇಳಿದ ನಿಮ್ಮೆಲ್ಲರನ್ನೂ ಆ ಸ್ವಾಮಿ ತಣ್ಣಗಿಟ್ಟಿರಲಿ.