ರಾಜನ ಹೆಸರನ್ನು ನುಂಗಿದ ಟೆನ್ನಿಸ್ ಡಬ್ಬಿ

ಒಂದಾನೊಂದು ಊರಿನಲ್ಲಿ ಒಬ್ಬ ರಾಜ ತನ್ನ ಆಕಳಿಕೆಯನ್ನು ಮಾರಿಕೊಂಡ. ಆಮೇಲೆ ಏನಾಯಿತು, ಹೇಳಿ ನೋಡೋಣ. ರಾಜನಿಗೆ ನಿದ್ದೆ ಬಾರದೆ ಹುಚ್ಚು ಹಿಡಿಯಿತು ಅಂತೀರಾ? ಅಲ್ಲ. ಆಕಳಿಕೆ ಕೊಂಡವನೇ ರಾಜನಾದ ಅಂತೀರಾ? ಅದೂ ಅಲ್ಲ. ಇನ್ನೊಂದು ಸಲ ಊಹಿಸಿ. ಬಿಡಿ, ನಿಮ್ಮಿಂದ ಆಗುವುದಿಲ್ಲ. ಬಿ.ಎ. ಓದಿದ ನನ್ನಿಂದಲೇ ಆಗಲಿಲ್ಲ. ಆದದ್ದು ಇಷ್ಟು: ರಾಣಿ ಟೆನ್ನಿಸ್ ಆಡಬೇಕಾಯಿತು.

ಹೇಗೆ ಅಂದರೆ, ಹೀಗೆ. ತಲೆಯ ಮೇಲೆ ಗಂಟು ಹೊತ್ತ ಒಬ್ಬ ವ್ಯಾಪಾರಿ ಅರಮನೆಗೆ ಬಂದ. ಪಾಪ, ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಅದೇ ಹೊತ್ತಿಗೆ ರಾಜ ಸಿಂಹಾಸನದ ಮೇಲೆ ಕೂತು ದೊಡ್ಡದಾಗಿ ಆಕಳಿಸಿದ. ಎಂಥ ಆಕಳಿಕೆ ಅಂತೀರಿ, ತೋಪಿನ ಗುಂಡು ಹೋಗಿ ಬರುವಂಥದು. ವ್ಯಾಪಾರಿ ಚೀಲ ಬಿಚ್ಚಿ ಅದನ್ನು ಹಿಡಿದು, ಬಾಯಿ ಕಟ್ಟಿಬಿಟ್ಟ. ಇದು ನನಗಿರಲಿ, ಬದಲಿಗೆ ಇದು ನಿಮಗಿರಲಿ ಎಂದು ರಾಜನ ಅಂಗೈಯಲ್ಲಿ ಒಂದು ಡಬ್ಬಿ ಇಟ್ಟು ಹೊರಟುಹೋದ. ಅರಮನೆಯಾಚೆ ಮೂರನೆಯ ಮರದ ಕೆಳಗೆ ಅವನು ಗೊರಕೆ ಹೊಡೆಯುತ್ತಿದ್ದದ್ದನ್ನು ಕಂಡವರಿದ್ದಾರೆ.

ಈಗ ನೋಡಿ ತಮಾಷೆ. ಆಕಳಿಕೆ ಇಲ್ಲದವನಿಗೆ ಬೇಸರ ಬರುವುದಿಲ್ಲ. ಬೇಸರ ಬಾರದವನು ಹಿಡಿದದ್ದನ್ನು ಬಿಡುವುದಿಲ್ಲ. ರಾಜ ಡಬ್ಬಿ ಹಿಡಿದ. ಬಿಡಲಿಲ್ಲ.

ಡಬ್ಬಿಯೊಳಗೆ ಒಂದು ಊರಿತ್ತು. ಅಲ್ಲಿ ಎಲ್ಲದಕ್ಕೂ ಟೆನ್ನಿಸ್ ಆಡಬೇಕು. ಬೂಟು ಬೇಕಾದರೆ ಬೂಟು ಹೊಲಿಯುವವನನ್ನು ಟೆನ್ನಿಸ್ಸಿನಲ್ಲಿ ಸೋಲಿಸಬೇಕು. ಸೇತುವೆ ದಾಟಬೇಕಾದರೆ ಸೇತುವೆಯನ್ನೇ ಸೋಲಿಸಬೇಕು. ಒಂದೊಂದು ಗೆದ್ದಂತೆ ಒಂದೊಂದು ಮೆಟ್ಟಿಲು ಮೇಲೇರಬೇಕು, ಮೇಲೇರಿದಂತೆ ಬಲ ಜಾಸ್ತಿ, ಚುರುಕು ಜಾಸ್ತಿ. ದಾರಿಯಲ್ಲಿ ಒಬ್ಬ ಅಜ್ಜಿ ಕೂತಿರುತ್ತಾಳೆ. ಅವಳನ್ನು ಏನು ಕೇಳಿದರೂ "ನನ್ನ ಬೆಕ್ಕನ್ನು ಕಂಡೆಯಾ, ಮಗು?" ಅನ್ನುತ್ತಾಳೆ. ಮಳೆ ಬಂತೇ ಅಂದರೂ ಅದೇ. ನಮಸ್ಕಾರ ಅಂದರೂ ಅದೇ. ಅಂಥ ಊರು.

ಆಟ ಸುರುವಾಗುವ ಮೊದಲು ಡಬ್ಬಿ ಮೆತ್ತಗೆ ಕೇಳಿತು, "ತಮ್ಮ ಹೆಸರೇನು?"

ತನ್ನ ಹೆಸರು ಗೊತ್ತಿಲ್ಲದ ಪ್ರಾಣಿಯೊಂದು ಸಿಕ್ಕಿತಲ್ಲ ಎಂದು ರಾಜ ಹಿಗ್ಗಿಹೋದ. ಗಂಟಲು ಸರಿಮಾಡಿಕೊಂಡು ಹೆಸರು ಹೇಳಿದ. ಗುಳುಕ್. ಡಬ್ಬಿ ಅದನ್ನು ನುಂಗಿತು. ಒಳಗೆ ಉಗುರಿನಷ್ಟು ಗಾತ್ರದ ಆಟಗಾರನೊಬ್ಬ ಬ್ಯಾಟು ಹಿಡಿದು ಎದ್ದು ನಿಂತ. ರಾಜನ ಹೆಸರು ಈಗ ಅವನದಾಯಿತು. ರಾಜ ಹೆಬ್ಬೆರಳಿನಿಂದ ಅವನನ್ನು ಆಡಿಸತೊಡಗಿದ.

ಹೆಸರು ಒಳಗೆ ಹೋಯಿತಲ್ಲ, ಹೊರಗೆ ಖಾಲಿಯಾಯಿತು. ರಾಜನಿಗೆ ತನ್ನ ಹೆಸರು ಮರೆಯಿತು. ಮಂತ್ರಿಗೆ ಮರೆಯಿತು. ಊರಿಗೇ ಮರೆಯಿತು. ಮರೆತರೆ ಮರೆಯಲಿ, ರಾಜನಿಗೆ ಹೆಸರೇಕೆ ಅಂತೀರಿ. ಬೇಕು ಸ್ವಾಮಿ. ಆ ಅರಮನೆಯಲ್ಲಿ ಹೆಸರು ಹಿಡಿದು ಕರೆಯದೆ ಯಾರೂ ಊಟಕ್ಕೆ ಕೂರುವಂತಿಲ್ಲ. ಕರೆಯದೆ ಹೋಗಿ ಉಣ್ಣುವುದು ಮರ್ಯಾದಸ್ಥರ ಲಕ್ಷಣವೇ?

ಅಡುಗೆಯ ಗಿರಿಯವ್ವ ಸೌಟು ಹಿಡಿದು ಬಾಗಿಲಿಗೆ ಬಂದಳು. ಹೆಸರು ನೆನಪಾಗಲಿಲ್ಲ. "ಮಹಾರಾಜರ, ಊಟಕ್ಕ ಬರ್ರಿ" ಎಂದು ಕೂಗಿದಳು. ಆ ದಾರಿಯಲ್ಲಿ ಹೋಗುತ್ತಿದ್ದ ಪಕ್ಕದ ರಾಜ್ಯದ ಮಹಾರಾಜ ಬಂದು, ಉಂಡು, ಕೈ ತೊಳೆದುಕೊಂಡು ಹೋದ. ಮರುದಿನ "ಮೀಸಿಯವರ" ಎಂದು ಕೂಗಿದಳು. ಊರಿನ ಬೆಕ್ಕುಗಳೆಲ್ಲ ಬಂದವು. ಅದರ ಮರುದಿನ "ಕಿರೀಟದವರ" ಎಂದು ಕೂಗಿದಳು. ತೋಟದ ಬದನೆಕಾಯಿಗಳು ಉರುಳಿಕೊಂಡು ಬಂದು ಸಾಲಾಗಿ ಕೂತವು. ಗಿರಿಯವ್ವ ಏನು ಮಾಡಬೇಕು, ಅವುಗಳನ್ನೇ ಎಣ್ಣೆಗಾಯಿ ಮಾಡಿದಳು. ಬಂದವರನ್ನು ಸುಮ್ಮನೆ ಕಳಿಸಲಾಗುತ್ತದೆಯೇ?

ರಾಜ ಮಾತ್ರ ಉಣ್ಣಲಿಲ್ಲ. "ಇದೊಂದ ಆಟ, ಇದೊಂದ" ಅನ್ನುತ್ತ ಸೊರಗಿದ. ತಲೆ ಸಣ್ಣದಾಯಿತು, ಕಿರೀಟ ಕೊರಳಿಗಿಳಿಯಿತು. ಭುಜ ಸಣ್ಣದಾಯಿತು, ಕಿರೀಟ ಸೊಂಟಕ್ಕಿಳಿಯಿತು. ಕಿರೀಟ ನೆಲ ಮುಟ್ಟಿದ ದಿನ ರಾಜ ಇರುವುದಿಲ್ಲ, ಬರೀ ಕಿರೀಟ ಇರುತ್ತದೆ ಎಂದು ವೈದ್ಯರು ಹೇಳಿ, ತಾವು ಮಾತ್ರ ಹೊಟ್ಟೆ ತುಂಬ ಎಣ್ಣೆಗಾಯಿ ಉಂಡು ಹೋದರು.

ರಾಣಿ ನೀಲಗಂಗವ್ವ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನನ್ನ ಗಂಡ ನನ್ನ ಮನೆಯಲ್ಲಿ ಉಪವಾಸ ಸಾಯುವುದು ನನಗೆ ಒಪ್ಪಿಗೆಯಿಲ್ಲ ಎಂದಳು.

ಮಂತ್ರಿ ತಿಪ್ಪಣ್ಣ ತಲೆ ಓಡಿಸಿದ. ಬಳಸಿದ ಬಾಯಿಗಳಿಂದ ಮಾತ್ರ ಆ ಹೆಸರು ಹೋಗಿದೆ. ಅದನ್ನು ಒಮ್ಮೆಯೂ ಬಳಸದ ಬಾಯಿ ಯಾವುದು? ಹೆಂಡತಿಯ ಬಾಯಿ. ಆ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಲೇಬೇಕಾದರೆ ಹೊಸ್ತಿಲಲ್ಲಿ ನಿಂತು ಒಡಪಿನಲ್ಲಿ, ಅಂದರೆ ಪ್ರಾಸದ ಪದದಲ್ಲಿ, ಕಟ್ಟಿ ಹೇಳಬೇಕು. ಮದುವೆಯ ದಿನ ಹೆಂಗಸರೆಲ್ಲ ಬಾಗಿಲು ಅಡ್ಡಗಟ್ಟಿ ಒಡಪು ಹೇಳು ಅಂದಿದ್ದರು. ನೀಲಗಂಗವ್ವ ಹೇಳಿರಲಿಲ್ಲ. ಬಿಸಿಲಿಳಿಯುವ ತನಕ ನಿಂತೇ ಇದ್ದಳು. ಕೊನೆಗೆ ಹೆಂಗಸರಿಗೇ ಹಸಿವಾಗಿ ದಾರಿ ಬಿಟ್ಟರು. ಹಾಗಾಗಿ ರಾಜನ ಹೆಸರು ಅವಳ ಹೊಟ್ಟೆಯಲ್ಲಿ ಮಡಿಕೆ ಬಿಚ್ಚದ ಸೀರೆಯ ಹಾಗೆ ಹೊಸದಾಗಿ ಉಳಿದಿತ್ತು.

ಹಾಗಾದರೆ ಈಗಲೇ ಹೇಳಲಿ ಅಂತೀರಿ. ಹೇಳಿದರೆ ಡಬ್ಬಿ ಅದನ್ನೂ ನುಂಗುತ್ತದೆ. ಲೋಕದಲ್ಲಿ ರಾಜನ ಹೆಸರು ಉಳಿದಿದ್ದದ್ದು ಅವಳ ಹೊಟ್ಟೆಯಲ್ಲಿ ಮಾತ್ರ. ರಾಜ ಡಬ್ಬಿಯನ್ನು ಕೆಳಗಿಡುತ್ತಿಲ್ಲ. ಸೋತವರ ಬಾಯಿ ಮಾತ್ರ ಮುಚ್ಚಿರುತ್ತದೆ, ಆದ್ದರಿಂದ ಡಬ್ಬಿಯನ್ನು ಟೆನ್ನಿಸ್ಸಿನಲ್ಲಿ ಸೋಲಿಸಿ ಆಮೇಲೆ ಹೆಸರು ಹೇಳಬೇಕು ಎಂದು ಮಂತ್ರಿ ತೀರ್ಮಾನಿಸಿದ.

"ಸೋಲಸೂಣು" ಎಂದಳು ರಾಣಿ.

ಬ್ಯಾಟು ಬೇಕಲ್ಲ. ಅಡುಗೆಮನೆಗೆ ಹೋಗಿ ಯಾರು ಬರುತ್ತೀರಿ ಎಂದು ಕೇಳಿದಳು. ರೊಟ್ಟಿ ಸುಡುವ ಹಂಚು, ನಾನು ಒಲೆ ಬಿಟ್ಟು ಬರಲಾರೆ ಎಂದಿತು. ಮೊರ ನನಗೆ ತೂರುವುದು ಗೊತ್ತು, ತಡೆಯುವುದು ಗೊತ್ತಿಲ್ಲ ಎಂದಿತು. ಗೂಟಕ್ಕೆ ನೇತಾಡುತ್ತಿದ್ದ ಸಣ್ಣ ಕಣ್ಣಿನ ಜರಡಿ ತಾನಾಗಿ ಕೆಳಗಿಳಿಯಿತು.

"ನಾ ಬರ್ತೀನಿ ಅವ್ವಾರ. ಹುಟ್ಟಿದಾಗಿಂದ ನಂದು ಒಂದ ಕೆಲಸ. ಬಿಡಬಾರದ್ದನ್ನ ಬಿಡಾಂಗಿಲ್ಲ."

ರಾಣಿ ಜರಡಿ ಹಿಡಿದು ಊಟದ ಮನೆಯ ಹೊಸ್ತಿಲಲ್ಲಿ ನಿಂತಳು. ಎದುರಿಗೆ ರಾಜ. ರಾಜನ ಕೈಯಲ್ಲಿ ಡಬ್ಬಿ. ಡಬ್ಬಿಯೊಳಗೆ ಉಗುರಿನಷ್ಟು ಆಟಗಾರ. ಡಬ್ಬಿ ಕೇಳಿತು, "ತಮ್ಮ ಹೆಸರೇನು?"

"ಗುರುತಿಲ್ಲದವರಿಗೆ ನಾ ಹೆಸರು ಹೇಳಾಂಗಿಲ್ಲ. ಚೆಂಡು ಹೊಡಿ."

ಇಂಥ ಉತ್ತರ ಡಬ್ಬಿ ಕೇಳಿಯೇ ಇರಲಿಲ್ಲ. ಹೆಸರಿನ ಜಾಗ ಖಾಲಿ ಬಿಟ್ಟು ಚೆಂಡು ಹೊಡೆಯಿತು. ಸಾಸಿವೆ ಕಾಳಿನಷ್ಟು ಚೆಂಡು. ಆದರೆ ಒಳಗಿನವನು ಬಹಳ ಮೆಟ್ಟಿಲು ಹತ್ತಿದವನು. ಅವನ ಚೆಂಡು ದಾರಿಯಲ್ಲಿ ಮಾಯವಾಗಿ ಬೆನ್ನ ಹಿಂದೆ ಹುಟ್ಟುತ್ತಿತ್ತು. ರಾಣಿ ಸೋತಳು. ಮತ್ತೆ ಆಡಿದಳು. ಸೋತಳು. ಮತ್ತೆ ಆಡಿದಳು. ಚೆಂಡಿಗೆ ಬೆಂಕಿ ಹತ್ತಿಕೊಂಡು ಬಂತು. ಜರಡಿಯ ಅಂಚು ಸುಟ್ಟಿತು. ಸೋತಳು. ಮತ್ತೆ ಆಡಿದಳು. ತಲೆಯೆತ್ತಿ ನೋಡದ ರಾಜ ಮಾತ್ರ ಎದುರಾಳಿ ಗಟ್ಟಿ ಇದ್ದಾನೆ ಎಂದು ಖುಷಿಪಟ್ಟ. ಕಿರೀಟ ಮೊಣಕಾಲಿಗಿಳಿಯಿತು.

ಆಡಿ ಆಡಿ ರಾಣಿಗೆ ಒಂದು ಗುಟ್ಟು ತಿಳಿಯಿತು. ಚೆಂಡು ಮಾಯವಾಗಲಿ, ಬೆಂಕಿಯಾಗಲಿ, ಕೊನೆಗೆ ಬರಬೇಕಾದ್ದು ಹೊಸ್ತಿಲಿಗೇ. ಹೊಸ್ತಿಲು ಬಿಟ್ಟು ಕದಲದಿದ್ದರಾಯಿತು. ಕದಲಲಿಲ್ಲ. ಚೆಂಡು ಬಂತು, ಜರಡಿ ತಡೆಯಿತು. "ಹದಿನೈದು" ಎಂದಿತು ಡಬ್ಬಿ. ಮತ್ತೆ ಬಂತು, ತಡೆಯಿತು. "ಮೂವತ್ತು." ಮತ್ತೆ ಬಂತು, ತಡೆಯಿತು. "ನಲವತ್ತು."

ರಾಣಿ ಜರಡಿ ಕೆಳಗಿಟ್ಟಳು.

"ಹದಿನೈದಾತು, ಮೂವತ್ತಾತು. ಆಮ್ಯಾಲ ನಲವತ್ತೈದು ಬರಬೇಕು. ಉಳದ ಐದು ಎಲ್ಲಿ ಹೋತು?"

ಡಬ್ಬಿ ತೊದಲಿತು. ಮೊದಲಿನಿಂದಲೂ ಹೀಗೇ ಇದೆ ಎಂದಿತು. ಮೊದಲಿನಿಂದಲೂ ತಿನ್ನುತ್ತಿದ್ದೀಯಾ ಹಾಗಾದರೆ ಎಂದಳು ರಾಣಿ. ಡಬ್ಬಿ ಬೆಳ್ಳಿಯ ಬೂಟು ಕೊಡುತ್ತೇನೆ ಎಂದಿತು. ಬೇಡ. ರೆಕ್ಕೆಯ ಬ್ಯಾಟು ಕೊಡುತ್ತೇನೆ ಎಂದಿತು. ಬೇಡ. ಐದು ಕೊಡು. ಕಿರೀಟ ರಾಜನ ಮೀನಖಂಡದ ಮೇಲಿತ್ತು. ಮಂತ್ರಿ ತಿಪ್ಪಣ್ಣ ಅಳುವುದೊಂದು ಬಾಕಿ.

"ಅವ್ವಾರ, ಇನ್ನೊಂದ ಚೆಂಡು. ಒಂದ ತಡದ್ರ ಗೆದ್ದಂಗ."

"ಕೊರತಿ ಗೆಲುವಿಗೆ ಕೊರತಿ ಹೆಸರ ಬರ್ತದ, ತಿಪ್ಪಣ್ಣ. ಅರ್ಧ ಹೆಸರು ಕೇಳಿ ಅರ್ಧ ಗಂಡ ಬಂದು ಕುಂತ್ರ, ಉಳಿದರ್ಧಕ್ಕ ನೀ ಉಣಸ್ತೀಯೇನು?"

ಮಂತ್ರಿ ಕೈಮುಗಿದು ಪಕ್ಕಕ್ಕೆ ಸರಿದ. ನೀವು ಉಣಿಸುತ್ತೀರಾ? ನನ್ನಿಂದಂತೂ ಆಗದು. ರಾಣಿ ಹೊಸ್ತಿಲ ಮೇಲೆ ಚಕ್ಕಂಬಕ್ಕಲ ಹಾಕಿ ಕೂತಳು. ಡಬ್ಬಿ ತನ್ನ ಪುಟ್ಟ ರಾಗವನ್ನು ಬಾರಿಸಿತು. ಮತ್ತೆ ಬಾರಿಸಿತು. ಬಾರಿಸಿ ಬಾರಿಸಿ ಅದರ ಗಂಟಲು ಕಟ್ಟಿತು. ರಾಣಿ ಏಳಲಿಲ್ಲ. ಕೊನೆಗೆ ಡಬ್ಬಿ "ದಯವಿಟ್ಟು ಕಾಯಿರಿ" ಎಂದು ಬರೆದಿಟ್ಟು, ಐದನ್ನು ಹುಡುಕಲು ತನ್ನೊಳಗೆ ತಾನೇ ಹೋಯಿತು.

ಒಳಗೆ ಅಜ್ಜಿಯನ್ನು ಕೇಳಿತು. ನನ್ನ ಬೆಕ್ಕನ್ನು ಕಂಡೆಯಾ, ಮಗು, ಎಂದಳು ಅಜ್ಜಿ. ಬೂಟಿನವನನ್ನು ಕೇಳಿತು. ಮೊದಲು ಟೆನ್ನಿಸ್ಸಿನಲ್ಲಿ ಸೋಲಿಸು ಎಂದ. ಸೇತುವೆ ಅಡ್ಡ ಬಂದು ನನ್ನನ್ನೂ ಸೋಲಿಸು ಎಂದಿತು. ಡಬ್ಬಿ ಅಲ್ಲಿ ಸಿಕ್ಕಿಹಾಕಿಕೊಂಡಿತು.

ಹೊರಗೆ ಅದರ ಬಾಯಿ ತೆರೆದಿತ್ತು. ನುಂಗುವವರು ಯಾರೂ ಇರಲಿಲ್ಲ. ಆಟ ನಿಂತದ್ದರಿಂದ ಹೆಬ್ಬೆರಳಿಗೆ ಕೆಲಸವಿಲ್ಲದೆ ರಾಜ ಮೊದಲ ಸಲ ತಲೆಯೆತ್ತಿದ. ಎದುರಿಗೆ ಹೆಂಡತಿ. ಕೈಯಲ್ಲಿ ಸುಟ್ಟ ಜರಡಿ. ಕಿರೀಟ ಪಾದಕ್ಕೆ ಒಂದು ಕೂದಲೆಳೆ ಮೇಲಿತ್ತು. ನೀಲಗಂಗವ್ವ ಎದ್ದು ನಿಂತಳು. ಮದುವೆಯ ದಿನ ನಾಚಿದಷ್ಟೇ ನಾಚಿದಳು. ನಾಚಿಕೊಂಡೇ ಹೇಳಿದಳು:

"ಬಿಸಿ ರೊಟ್ಟಿ ಬಡದೀನಿ, ಬೆಣ್ಣಿ ಮ್ಯಾಲ ಇಟ್ಟೀನಿ,
ಜರಡಿ ಹಿಡದು ಚೆಂಡ ತಡದು ಜಗ್ಗದಂಗ ಆಡೀನಿ,
ಕೂಡಾಕ ಮಣಿ ಹಾಕಿ, ನೀರಿಟ್ಟು, ಹೊಸ್ತಿಲದಾಗ ನಿಂತೀನಿ,
ದುಂಡಪ್ಪರಾಯರನ್ನ ಊಟಕ್ಕ ಕರದೀನಿ."

"ಬಂದೆ" ಎಂದ ರಾಜ.

"ಬಂದೆ" ಎಂದು ಡಬ್ಬಿಯೊಳಗಿನ ಆಟಗಾರನೂ ಹೊರಗೆ ಹಾರಿದ. ಹೆಸರು ಅವನದೂ ಆಗಿತ್ತಲ್ಲ, ಅವನನ್ನೂ ಕರೆದಂತಾಯಿತು. ಆಟಗಾರನಿಲ್ಲದ ಡಬ್ಬಿ ಬರೀ ಡಬ್ಬಿಯಾಯಿತು. ಇಬ್ಬರೂ ಅಕ್ಕಪಕ್ಕ ಕೂತರು. ರಾಜ ಮೊದಲ ರೊಟ್ಟಿ ಮುಗಿಸಿದಾಗ ಕಿರೀಟ ಮೊಣಕಾಲಿಗೆ ಬಂತು. ಎಣ್ಣೆಗಾಯಿಗೆ ಸೊಂಟಕ್ಕೆ ಬಂತು. ಮಜ್ಜಿಗೆ ಕುಡಿದು ಢರ್ರನೆ ತೇಗಿದಾಗ ತಲೆಯ ಮೇಲೆ ಹೋಗಿ ಕೂತಿತು. ಉಗುರಿನಷ್ಟು ಆಟಗಾರ ಒಂದು ರೊಟ್ಟಿಯ ಚೂರು ತಿಂದು ಎಷ್ಟು ಊದಿಕೊಂಡನೆಂದರೆ, ಡಬ್ಬಿಯ ಬಾಯಿಗೆ ಮತ್ತೆ ಹಿಡಿಸಲಿಲ್ಲ.

ಇನ್ನೊಂದು ಸಂಗತಿಯಾಯಿತು. ಅಷ್ಟು ವರ್ಷ ಹೊಟ್ಟೆಯಲ್ಲೇ ಇಟ್ಟುಕೊಂಡ ಹೆಸರು ಒಮ್ಮೆ ನಾಲಿಗೆಗೆ ಬಂದದ್ದೇ ತಡ, ನೀಲಗಂಗವ್ವನಿಗೆ ಅದರ ರುಚಿ ಹತ್ತಿತು. ದುಂಡಪ್ಪರಾಯರ, ನೀರು ಕಾಯ್ದದ. ದುಂಡಪ್ಪರಾಯರ, ಗಾಳಿ ಬಿಟ್ಟದ. ದುಂಡಪ್ಪರಾಯರ, ಏನಿಲ್ಲ, ಸುಮ್ಮನ ಕರದೆ. ಪ್ರತಿಯೊಂದಕ್ಕೂ ಹೊಸ ಒಡಪು, ಪ್ರತಿಯೊಂದಕ್ಕೂ ಹೊಸ್ತಿಲಲ್ಲಿ ನಿಂತು. ಕರೆದಾಗಲೆಲ್ಲ ಇಬ್ಬರೂ ಬರುತ್ತಿದ್ದರು, ಒಬ್ಬರು ನಡೆದುಕೊಂಡು, ಒಬ್ಬರು ಕುಪ್ಪಳಿಸಿಕೊಂಡು. ಬಂದು, ಏನು ಅಂತ ಕೇಳದೆ, ಅವಳ ಪಕ್ಕದಲ್ಲಿ ಕೂರುತ್ತಿದ್ದರು.

ಇದರ ನೀತಿ ಏನಪ್ಪಾ ಅಂದರೆ, ನಿಮ್ಮ ಹೆಸರು ಕೇಳುವ ಡಬ್ಬಿಯನ್ನು ಮೊದಲು "ನಿನ್ನ ಊಟವಾಯಿತೇ?" ಎಂದು ಕೇಳಬೇಕು. ಆಗಿಲ್ಲ ಅಂದರೆ ಹೆಸರು ಹೇಳಬಾರದು. ಕತೆ ಹೇಳಿದ ಬಾಯಿ ಒಣಗಿತು, ಕೇಳಿದ ಕಿವಿ ತುಂಬಿತು, ಲೆಕ್ಕ ಸರಿಹೋಯಿತು. ಇದೆಲ್ಲ ಸುಳ್ಳು ಅನ್ನುವವರಿಗೆ ದಿನವನ್ನೂ ಹೇಳಿಬಿಡುತ್ತೇನೆ: ಪುಷ್ಯ ಶುದ್ಧ ಷಷ್ಠಿ, ಬುಧವಾರ. ಆ ವಾರ ಎರಡು ಬುಧವಾರ ಬಂದಿದ್ದವು. ಇದು ನಡೆದದ್ದು ಎರಡನೆಯ ಬುಧವಾರ.