ಮುಟ್ಟದ ಗೋಡೆ

"ಗುರುಗಳೇ, ಮೈಗೆ ತಾಗದ ಗೋಡೆಯನ್ನು ಲೆಕ್ಕಕ್ಕೆ ಏಕೆ ಹಿಡಿಯಬೇಕು?" ಎಂದು ಶಿಷ್ಯ ಕೇಳಿದ.

ಶಿಷ್ಯ ಈಚೆಗೆ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಲು ಸೇರಿದವನು. ಪ್ರಶ್ನೆ ಅವನದಲ್ಲ, ಅವನ ತರಗತಿಯ ಕಸ್ತೂರಿ ಎಂಬ ಹುಡುಗಿಯದು. ವಿಕಿರಣದ ಲೆಕ್ಕದಲ್ಲಿ ಬಿಸಿ ವಸ್ತುವಿನ ಉಷ್ಣಾಂಶವನ್ನು ನಾಲ್ಕನೇ ಘಾತಕ್ಕೆ ಏರಿಸಿ, ಅದರಿಂದ ಸುತ್ತಲಿನ ಗೋಡೆಯ ಉಷ್ಣಾಂಶದ ನಾಲ್ಕನೇ ಘಾತವನ್ನು ಕಳೆಯಬೇಕು. ಅವಳು ಕಳೆದಿರಲಿಲ್ಲ. ಏಕೆ ಕಳೆಯಬೇಕೆಂದು ಎದ್ದು ನಿಂತು ಕೇಳಿದಳು. ಸೂತ್ರ ಹಾಗಿದೆ, ಬರೆದುಕೋ ಎಂದು ಇವನು ಕೂರಿಸಿದ. ಅಂದಿನಿಂದ ಅವಳು ಕೊನೆಯ ಬೆಂಚಿಗೆ ಹೋಗಿದ್ದಾಳೆ, ಬಾಯಿ ಬಿಟ್ಟಿಲ್ಲ. ಭೌತಶಾಸ್ತ್ರವನ್ನೇ ಬಿಡುತ್ತಾಳಂತೆ.

"ಸೂತ್ರ ನಿನಗಾದರೂ ಅರ್ಥವಾಗಿದೆಯೋ, ಉರು ಹೊಡೆದಿದ್ದೀಯೋ?" ಎಂದರು ಗುರುಗಳು. "ನೀನು ಹೇಳಲಾರೆ ಅಂತ ನನಗೆ ಗೊತ್ತು. ಕೂತುಕೋ, ಕೇಳು."

ಒಬ್ಬ ಕಲ್ಲುಕುಟಿಗನಿದ್ದ. ಹೆಂಡತಿ ಬಸುರಿಯೆಂದು ತಿಳಿದದ್ದೇ ತಡ, ಅವಳಿಗಾಗಿ ಬಾಣಂತಿ ಕೋಣೆ ಕಟ್ಟತೊಡಗಿದ. ನಾಲ್ಕು ಗೋಡೆಯ ಒಂದೊಂದು ಕಲ್ಲನ್ನೂ ತಾನೇ ಕಡೆದ. ಸುಣ್ಣ ಬಳಿಯಲು ಬಿಡಲಿಲ್ಲ; ಕೆಲಸ ಕಾಣಬೇಕಲ್ಲ. ಚಳಿಗಾಲದಲ್ಲಿ, ಎಂಟನೇ ತಿಂಗಳಿಗೇ ಹೆರಿಗೆಯಾಯಿತು. ಕೂಸು ಅಂಗೈಯಗಲ ಇತ್ತು. ಆದರೂ ತಾಯಿಯ ಮಗ್ಗುಲಲ್ಲಿ ಹನ್ನೆರಡು ದಿನ ಚೆನ್ನಾಗಿಯೇ ಇತ್ತು.

ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕುವ ಶಾಸ್ತ್ರ. ಬಂದವರ ಕಣ್ಣಿಗೆ ಬೀಳಲೆಂದು ಕಲ್ಲುಕುಟಿಗ ತೊಟ್ಟಿಲನ್ನು ಎಲ್ಲಕ್ಕಿಂತ ಚೆಂದದ ಗೋಡೆಯ ಪಕ್ಕ ಕಟ್ಟಿದ. ಮರುದಿನ ಕೂಸಿನ ಪಾದ ತಣ್ಣಗಾಯಿತು. ಮೊಲೆ ಚೀಪುವುದನ್ನೂ ಬಿಟ್ಟಿತು. ಬೆಂಕಿ ಸಾಲದೆಂದು ಅವನು ಅಗ್ಗಿಷ್ಟಿಕೆಗೆ ಇನ್ನಷ್ಟು ಕೆಂಡ ಸುರಿದ. ತಾಯಿಗೆ ಬೆವರಿಳಿಯಿತು, ಕೂಸಿಗೆ ಹೊಗೆಯಿಂದ ಕೆಮ್ಮು ಹತ್ತಿತು, ಪಾದ ಮಾತ್ರ ತಣ್ಣಗೇ ಇತ್ತು. ಕೂಸು ಕೈಬಿಟ್ಟು ಹೋಗುತ್ತದೆ ಎಂದು ಅವನಿಗೆ ಹೆದರಿಕೆಯಾಯಿತು. ಸೂಲಗಿತ್ತಿಯನ್ನು ಕರೆದುಕೊಂಡು ಬಂದ.

ಮುದುಕಿ ಅರ್ಧ ಕೆಂಡ ಹೊರಗೆ ಹಾಕಿಸಿದಳು. ತೊಟ್ಟಿಲಿಗೂ ಗೋಡೆಗೂ ನಡುವೆ ಕೈ ಹಿಡಿದು ಸ್ವಲ್ಪ ಹೊತ್ತು ನಿಂತಳು. ಆಮೇಲೆ, "ಮನ್ಯಾಗಿನ ಕೌದಿ ಎಲ್ಲಾ ತಾರಪಾ" ಎಂದಳು. ಅವನು ಹೊತ್ತು ತಂದು ಕೂಸಿಗೆ ಹೊದಿಸಲು ಹೋದ.

"ಕೂಸಿಗಲ್ಲೋ, ಗೋಡಿಗೆ."

"ಗೋಡಿ ಕೂಸನ್ನ ಮುಟ್ಟೇ ಇಲ್ಲಲ್ಲವ್ವಾ?"

"ಮುಟ್ಟಬೇಕಂತೇನಿಲ್ಲ. ಕೂಸಿನ ಮೈ ತನ್ನ ಬಿಸಿ ಕೊಡ್ತದ. ನಿನ್ನ ಕಲ್ಲು ಇಸ್ಕೊಂಡು ಸುಮ್ಮನ ಕುಂದರ್ತದ."

ಅವನಿಗೆ ಸಂಕಟವಾಯಿತು. ಹೆಂಡತಿ ಮಗುವಿಗಾಗಿ ತಿಂಗಳುಗಟ್ಟಲೆ ಕಡೆದು ಕಟ್ಟಿದ ಗೋಡೆ ಅದು. ಆದರೂ ಆ ಕಲ್ಲುಗಳ ಸಂದಿಗೆ ತಾನೇ ಗೂಟ ಹೊಡೆದು, ನಾಲ್ಕೂ ಕಡೆ ಕೌದಿ ತೂಗುಹಾಕಿದ. ಅವನ ಕೆಲಸವೆಲ್ಲ ಮುಚ್ಚಿಹೋಯಿತು. ಸಂಜೆಗೆ ಪಾದ ಬೆಚ್ಚಗಾಯಿತು, ಕೂಸು ಹಾಲು ಕುಡಿಯಿತು.

ಗುರುಗಳು ಕತೆ ನಿಲ್ಲಿಸಿ ಹಾಳೆ ಮುಂದಿಟ್ಟರು. "ಈಗ ಪೆನ್ನು ಹಿಡಿ. ಕೂಸಿನ ಮೈ ಮುನ್ನೂರ ಒಂಬತ್ತು ಕೆಲ್ವಿನ್. ಚದರ ಮೀಟರಿಗೆ ಐನೂರ ಹದಿನೇಳು ವ್ಯಾಟ್ ಕೊಡುತ್ತದೆ ಅನ್ನು. ಕಲ್ಲು ಇನ್ನೂರ ಎಂಬತ್ತೈದು. ಅದು ತಿರುಗಿ ಕೊಡುವುದು ಮುನ್ನೂರ ಎಪ್ಪತ್ತನಾಲ್ಕು. ಕೌದಿಯಾದರೋ ಕೋಣೆಯ ಗಾಳಿಯಷ್ಟೇ ಬೆಚ್ಚಗಾಗಿ ಮುನ್ನೂರಕ್ಕೆ ಬಂತು. ಅದು ನಾನೂರ ಐವತ್ತೊಂಬತ್ತು ಕೊಡುತ್ತದೆ. ಕಳೆ ನೋಡೋಣ."

"ಮೊದಲು ನೂರ ನಲವತ್ತಮೂರು ನಷ್ಟ. ಆಮೇಲೆ ಐವತ್ತೆಂಟು," ಎಂದ ಶಿಷ್ಯ.

"ಕೂಸು ಕೊಟ್ಟದ್ದು ಎರಡು ಸಲವೂ ಅಷ್ಟೇ. ಎದುರಿನಿಂದ ಬಂದದ್ದು ಬೇರೆ. ಗೋಡೆಯನ್ನು ಬಿಟ್ಟು ಲೆಕ್ಕ ಮಾಡಿದವನಿಗೆ ಆ ಕೂಸು ಏಕೆ ತಣ್ಣಗಾಯಿತೆಂದು ತಿಳಿಯುವುದಿಲ್ಲ, ಏಕೆ ಬದುಕಿತೆಂದೂ ತಿಳಿಯುವುದಿಲ್ಲ."

ಶಿಷ್ಯನಿಗೆ ಸಂತೋಷವಾಯಿತು. ಹಾಳೆಯನ್ನು ಮಡಿಸಿ ಜೇಬಿಗೆ ಇಟ್ಟುಕೊಂಡ. "ನಾಳೆಯೇ ಕಸ್ತೂರಿಗೆ ಹೇಳುತ್ತೇನೆ. ಒಳ್ಳೆಯ ಹುಡುಗಿ ಗುರುಗಳೇ, ಬಹಳ ಚುರುಕಾಗಿದ್ದಳು. ಏಕೆ ಹೀಗೆ ತಣ್ಣಗಾದಳೋ, ಅದೊಂದು ನನಗೆ ತಿಳಿಯುತ್ತಿಲ್ಲ."

ಗುರುಗಳು ಅವನ ಭುಜದ ಮೇಲೆ ಕೈಯಿಟ್ಟು ಕೇಳಿದರು: "ಅವಳು ಎದ್ದು ನಿಂತು ಕೇಳಿದ ದಿನ, ಎದುರಿಗಿದ್ದ ಗೋಡೆ ಯಾವುದಪ್ಪ?"